ಪಂಕ್ತಿಯಲ್ಲಿ ಬಡಿಸಿದ ಗುಳಿಗೆ

ಇವತ್ತಿಗೂ ಗಟ್ಟಿ ಮೊಸರು ಕಂಡರೆ ನನಗೆ ಸಿಟ್ಟು ಬರುತ್ತದೆ. ಮನೆಯಲ್ಲಿ ಹೆಂಡತಿ ಕೆನೆ ಕಟ್ಟಿದ ಮೊಸರಿನ ಬಟ್ಟಲು ತಂದು ಮುಂದಿಟ್ಟಾಗ ಮುಖ ಗಂಟಿಕ್ಕುತ್ತೇನೆ. "ಯಾಕ್ರಿ, ಹುಳಿ ಆಗೈತೇನು?" ಎಂದು ಆಕೆ ಕೇಳುತ್ತಾಳೆ. ಹುಳಿಯೂ ಆಗಿಲ್ಲ, ಏನೂ ಆಗಿಲ್ಲ. ಕೊಪ್ಪಳದಲ್ಲಿ ಖಾನಾವಳಿ ನಡೆಸುತ್ತಿದ್ದ ಒಬ್ಬ ಹೆಂಗಸಿನ ಮೇಲಿನ ಸಿಟ್ಟು ಅದು. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಹಿರಿಯರು ಹೇಳುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಎದುರಿಗೆ ನಾವೆಲ್ಲ ಆಕೆಯನ್ನು "ಅಕ್ಕಾರ" ಎನ್ನುತ್ತಿದ್ದೆವು. ಇಲ್ಲಿ ಬರೆಯುವಾಗ ಏಕವಚನವೇ ಬರುತ್ತಿದೆ. ಬರಲಿ ಬಿಡಿ, ಅಕ್ಕ ಅಂದಮೇಲೆ ಅಷ್ಟು ಸಲಿಗೆ ಇದ್ದೇ ಇರುತ್ತದೆ.

1997ರಲ್ಲಿ ಕೊಪ್ಪಳ ಹೊಸ ಜಿಲ್ಲೆಯಾಯಿತು. ಹೊಸ ಜಿಲ್ಲೆ ಅಂದಮೇಲೆ ಹೊಸ ಕಚೇರಿಗಳು, ಆ ಕಚೇರಿಗಳಿಗೆ ನನ್ನಂಥ ಗುಮಾಸ್ತರು. ಯಲಬುರ್ಗಾ ತಾಲೂಕಿನವನಾದ ನಾನು ರಾಯಚೂರಿನಿಂದ ವರ್ಗವಾಗಿ ಬಂದೆ. ಆಗ ಮದುವೆಯಾಗಿರಲಿಲ್ಲ, ಅಡುಗೆ ಬರುತ್ತಿರಲಿಲ್ಲ. ಸ್ಟೇಷನ್ ಕಡೆಗೆ ಹೋಗುವ ಓಣಿಯೊಂದರಲ್ಲಿ ಅಕ್ಕನ ಖಾನಾವಳಿ. ಬೋರ್ಡಿಲ್ಲ, ಮೇಜಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಸಾಲಾಗಿ ಕೂರಿಸುತ್ತಿದ್ದಳು. ಒಳಗೆ ಒಬ್ಬ ಹೆಂಗಸು ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಅಕ್ಕನ ಕೆಲಸ ಬಡಿಸುವುದು. ಸಾಲು ತುಂಬಿದ ಮೇಲೆ ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ಠಣ್ ಎಂದು ಬಾರಿಸುವಳು. ಆ ಸದ್ದಾಗುವ ತನಕ ಯಾರೂ ರೊಟ್ಟಿ ಮುರಿಯುವಂತಿಲ್ಲ.

ಆಕೆಯದು ಒಂದೇ ಒಂದು ಹಟ. ಸಾಲಿನಲ್ಲಿ ಒಬ್ಬರ ತಾಟಿಗೆ ಬಿದ್ದದ್ದು ಎಲ್ಲರ ತಾಟಿಗೂ ಬೀಳಬೇಕು. ಎಣ್ಣೆಗಾಯಿ ಕಡಿಮೆ ಬಿದ್ದರೆ ಬದನೆಕಾಯನ್ನು ಎರಡಾಗಿ ಸೀಳುವಳು, ಮತ್ತೂ ಕಡಿಮೆಯಾದರೆ ನಾಲ್ಕಾಗಿ. ಯಾರಿಗೂ ಸಾಲದಷ್ಟು ಆದರೂ ಸರಿ, ಒಬ್ಬನಿಗೆ ಇದ್ದು ಪಕ್ಕದವನಿಗೆ ಇಲ್ಲ ಅನ್ನಬಾರದು. "ಪಂಕ್ತಿಭೇದ ಮಾಡಿದ ಕೈ ಹೆಣಾ ಎತ್ತಾಕೂ ಬ್ಯಾಡ" ಎನ್ನುತ್ತಿದ್ದಳು. ಮಾತು ಹಾಗೆಯೇ, ಒರಟು.

ಒಮ್ಮೆ ನಮ್ಮ ದೊಡ್ಡ ಸಾಹೇಬರು ಅಲ್ಲಿಗೆ ಊಟಕ್ಕೆ ಬಂದರು. ಜವಾನ ಮೊದಲೇ ಓಡಿಬಂದು, ಸಾಹೇಬರ ಮನೆಯಿಂದ ತಂದ ತುಪ್ಪದ ಗಿಂಡಿಯನ್ನು ಅಕ್ಕನ ಕೈಗೆ ಕೊಟ್ಟು, "ಇದು ಸಾಹೇಬ್ರಿಗಷ್ಟ ರೀ" ಅಂದ. ಅಕ್ಕ ಹೂಂ ಅಂದಳು. ಸಾಲಿನ ಈ ತುದಿಯಿಂದ ಶುರು ಮಾಡಿ, ಲಾರಿ ಡ್ರೈವರು, ಹಮಾಲರು, ನಾನು, ಎಲ್ಲರ ತಾಟಿಗೂ ಒಂದೊಂದು ಚಮಚ ತುಪ್ಪ ಹಾಕುತ್ತ ಹೋದಳು. ಸಾಹೇಬರ ತಾಟಿಗೆ ಬರುವ ಹೊತ್ತಿಗೆ ಗಿಂಡಿಯಲ್ಲಿ ತಳ ಕಾಣುತ್ತಿತ್ತು. ಸಾಹೇಬರು ತಲೆ ಎತ್ತಿ ನೋಡಿದರು. "ಒಬ್ರಽ ಉಣ್ಣೂದಿದ್ರ ಮನ್ಯಾಗ ಛಲೋರಿ ಸಾಹೇಬ್ರ. ಇದು ಸಾಲು" ಅಂದಳು. ಸಾಹೇಬರು ನಕ್ಕರು, ದೊಡ್ಡವರು. ಮಾರನೆ ದಿನ ಬೈಸಿಕೊಂಡವನು ಜವಾನ.

ನನ್ನ ಜಗಳ ಮೊಸರಿನದು. ನಾನು ತಿಂಗಳ ಗಿರಾಕಿ, ಗಟ್ಟಿ ಮೊಸರೆಂದರೆ ಪ್ರಾಣ. ದಿನಾ ಪಾತ್ರೆಯಲ್ಲಿ ಚಂದದ ಮೊಸರು ಕಾಣುವುದು. ಅಷ್ಟರಲ್ಲಿ ಬಸ್ಸು ಇಳಿದ ನಾಲ್ಕು ಜನ ಬಂದು ಸಾಲಿನ ತುದಿಗೆ ಕೂರುವರು. ಅಕ್ಕ ತಂಬಿಗೆ ಎತ್ತಿ ಮೊಸರಿಗೆ ದಬದಬ ನೀರು ಸುರಿಯುವಳು. ನನ್ನ ಕಣ್ಣ ಮುಂದೆಯೇ ಮೊಸರು ಮಜ್ಜಿಗೆಯಾಗುವುದು.

"ಅಕ್ಕಾರ, ನಾವು ಮೊದ್ಲ ಬಂದೀವಲ್ರಿ. ನಮಗ ಹಾಕಿ ಆಮ್ಯಾಲ ನೀರು ಬೆರಸ್ರಿ."

"ನಿನಗ ಮಸರು, ಅವ್ರಿಗೆ ನೀರು? ಬಾ, ನೀನಽ ಬಡಸು. ಅವ್ರ ಮಾರಿ ನೋಡ್ಕೊಂತ ಬಡಸು ನೋಡೋಣು."

ಇದಕ್ಕೆ ಏನು ಹೇಳುತ್ತೀರಿ? ವರ್ಷಗಟ್ಟಲೆ ನೀರು ಮಜ್ಜಿಗೆ ಕುಡಿದೆ. ಮದುವೆಯಾಗಿ ಮನೆ ಮಾಡಿದ ಮೇಲೂ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತಿದ್ದೆ ಎಂಬುದು ಬೇರೆ ಮಾತು. ನಾಲಿಗೆಗೆ ನಾಚಿಕೆಯಿಲ್ಲ.

ಅಕ್ಕನಿಗೆ ಮಕ್ಕಳಿರಲಿಲ್ಲ. ಗಂಡ ಯಾವಾಗಲೋ ತೀರಿಹೋಗಿದ್ದ. ಕುಷ್ಟಗಿಯಲ್ಲಿ ಒಬ್ಬ ತಮ್ಮನಿದ್ದ, ಹಬ್ಬಕ್ಕೆ ಬಂದು ಹೋಗುವನು. ಹೀಗಾಗಿ ಆಕೆಯ ಎಡತೊಡೆಯಲ್ಲಿ ಗಂಟು ಎದ್ದಾಗ ಮೊದಲು ಗಮನಿಸಿದವನು ನಾನೇ. ಬಡಿಸುವಾಗ ಕಾಲು ಎಳೆಯುತ್ತಿದ್ದಳು. ಕೇಳಿದರೆ, "ನಿಂತು ನಿಂತು ಬಾತೈತಿ" ಎಂದು ಹಾರಿಸಿದಳು. ಉಪ್ಪಿನ ಶಾಖ ಕೊಟ್ಟಳು. ಯಾರೋ ಹೇಳಿದ ಎಣ್ಣೆ ತಿಕ್ಕಿದಳು. ನಾನು ದಿನಾ ಬೈದು ಬೈದು, ಕೊನೆಗೆ ದೊಡ್ಡ ಊರಿನ ಆಸ್ಪತ್ರೆಗೆ ರೈಲು ಹತ್ತಿಸಿದೆ. ಗಂಟನ್ನು ಕತ್ತರಿಸಿ ತೆಗೆದರು. ಕ್ಯಾನ್ಸರ್ ಅಂದರು. ಒಂದು ವರ್ಷ ನೆಮ್ಮದಿಯಾಗಿದ್ದಳು. ಆಮೇಲೆ ಕೆಮ್ಮು ಶುರುವಾಯಿತು. ಅದೇ ರೋಗ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳಾಗಿ ಎದ್ದಿತ್ತು. ಸಲಾಯಿನ್ ಮೂಲಕ ಔಷಧಿ ಏರಿಸಿದರು. ಕೂದಲು ಉದುರಿತು, ಮತ್ತೆ ಬಂತು, ಮೊದಲಿನ ಹಾಗೆಯೇ ಕಾಡಿಗೆಗಪ್ಪಾಗಿ ಬಂತು. ಗಂಟು ಮಾತ್ರ ಬೆಳೆಯುತ್ತಲೇ ಹೋಯಿತು.

ಆಗ ಅಲ್ಲಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಮಾತಾಡಿದರು. ಮೈಸೂರು ಕಡೆಯವರು, ಸಣ್ಣ ವಯಸ್ಸು, ತಾಳ್ಮೆಯ ಹೆಣ್ಣುಮಗಳು.

"ಅಮ್ಮಾ, ಇದು ಎಲುಬಿನ ಕ್ಯಾನ್ಸರ್ ಅಲ್ಲ. ಮಾಂಸ, ಕೊಬ್ಬು, ಇಂಥ ಮೃದುವಾದ ಕಡೆ ಹುಟ್ಟೋದು. ಇದಕ್ಕೆ ಹೊಸದೊಂದು ಗುಳಿಗೆ ಬಂದಿದೆ. ಎಲ್ಲ ಕಡೆ ಹೋಗಿ ಹೊಡೆಯೋ ಔಷಧಿಯಲ್ಲ ಇದು. ಗಂಟು ತನಗೆ ಬೇಕಾದ ರಕ್ತಕ್ಕೆ ಹೊಸ ದಾರಿ ಮಾಡ್ಕೊಳ್ಳತ್ತಲ್ಲ, ಆ ದಾರೀನೇ ಗುರಿಯಿಟ್ಟು ಮುಚ್ಚೋದು. ಆದ್ರೆ ಇನ್ನೂ ಪರೀಕ್ಷೆಯಲ್ಲಿದೆ. ನಿಜವಾಗಿ ಉಪಯೋಗ ಆಗತ್ತಾ ಅಂತ ನೋಡಬೇಕು."

"ನೋಡ್ರಿ ಮತ್ತ. ಕೊಡ್ರಿ" ಅಂದಳು ಅಕ್ಕ.

"ಒಂದು ಮಾತು ಕೇಳಿ. ಕೆಲವರಿಗೆ ನಿಜವಾದ ಔಷಧಿ ಬರತ್ತೆ. ಕೆಲವರಿಗೆ ನೋಡೋಕೆ ಹಾಗೇ ಇರೋ ಖಾಲಿ ಗುಳಿಗೆ, ಅದರಲ್ಲಿ ಔಷಧಿ ಇರಲ್ಲ. ಎರಡನ್ನೂ ಹೋಲಿಸಿ ನೋಡಿದರೇನೇ ಗೊತ್ತಾಗೋದು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

ಅಕ್ಕ ನನ್ನ ಮುಖ ನೋಡಿದಳು, ಡಾಕ್ಟರಮ್ಮನ ಮುಖ ನೋಡಿದಳು.

"ಬಡಸಾಕಿಗೇ ಗೊತ್ತಿಲ್ಲಂದ್ರ ಹೆಂಗ್ರಿ ಅದು?"

ಡಾಕ್ಟರಮ್ಮ ಮೊದಲಿನಿಂದ ಇನ್ನೊಮ್ಮೆ ಹೇಳಿದರು. ಕೊಡುವವರಿಗೆ ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ, ಗೊತ್ತಿಲ್ಲದಿದ್ದರೇ ನ್ಯಾಯ ಎಂದರು. ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ. ಆ ಔಷಧಿ ಆಗಿನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ. ನಾನು ಹೊರಗೆ ಕರೆತಂದು ಅರ್ಧ ತಾಸು ತಲೆ ತಿಂದೆ. "ಖಾಲಿ ಬಂದ್ರ ಬರಲಿ ಅಕ್ಕಾರ, ಖರೇದು ಬಂದ್ರ ಬದುಕ್ತೀರಿ" ಅಂದೆ. "ಬದುಕಬೇಕಂತ ನನಗೂ ಐತೋ" ಎಂದಳು, ಅಷ್ಟು ಮೆಲ್ಲಗೆ ಆಕೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಳಗೆ ಹೋಗಿ ಸಹಿ ಮಾಡಿದಳು.

ಅದೇ ಬೆಂಚಿನಲ್ಲಿ ಗಂಗಾವತಿಯ ಒಬ್ಬ ಅಕ್ಕಿ ವ್ಯಾಪಾರಿ ಸಿಕ್ಕರು. ಅಕ್ಕನದೇ ರೋಗ, ಅವರಿಗೆ ತೋಳಿನಲ್ಲಿ ಶುರುವಾಗಿ ಎದೆಗೆ ಇಳಿದಿತ್ತು. ಅವರೂ ಅದೇ ಪರೀಕ್ಷೆಗೆ ಸೇರಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ದಟ್ಟ ಕಪ್ಪು ಮೀಸೆ, ಮಾತಿಗೊಮ್ಮೆ ತೆಲುಗಿನವರ ಹಾಗೆ "ದೇವುಡಾ". ಕಾಲುವೆ ನೀರಿನ ಊರಿನವರಾದ್ದರಿಂದ ಔಷಧಿಯ ಕೆಲಸ ಅವರಿಗೆ ಕೂಡಲೇ ತಿಳಿದಿತ್ತು.

"ಏನಿಲ್ರಿ ಅಕ್ಕಾರ, ಗಂಟಿನ ಹೊಲಕ್ಕ ನೀರು ಹೋಗೂ ತೂಬು ಬಂದ್ ಮಾಡೂ ಗುಳಗಿ ಇದು. ನೀರಿಲ್ಲಂದ್ರ ಬೆಳಿ ಒಣಗ್ತೈತಿ, ಅಷ್ಟ."

"ಹಂಗ ಹೇಳಬೇಕಿಲ್ಲೋ ಆಕಿ!" ಎಂದು ಅಕ್ಕ ನನ್ನ ಕಡೆ ತಿರುಗಿ ಡಾಕ್ಟರಮ್ಮನನ್ನು ಬೈದಳು.

ಅಂದಿನಿಂದ ಅವರು ಅಕ್ಕನಿಗೆ "ಅಣ್ಣಾರ" ಆದರು. ಆಸ್ಪತ್ರೆಗೆ ಹೋಗುವ ದಿನ ಗಂಗಾವತಿಯಿಂದ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಬರುವರು, ಖಾನಾವಳಿಯಲ್ಲಿ ಸಾಲಿಗೆ ಕೂತು ಒಂದು ರೊಟ್ಟಿ ತಿನ್ನುವರು, ಮೂವರೂ ರೈಲು ಹತ್ತುವೆವು. ದಾರಿಯುದ್ದಕ್ಕೂ ಅವರ ಮಗಳ ಮದುವೆಯ ಮಾತು. ಸಿಂಧನೂರಿನ ಕಡೆಯ ಒಂದು ಮನೆತನದವರು ಕೇಳಿದ್ದರು. ತಂದೆಗೆ ಇಂಥ ರೋಗ ಎಂದು ತಿಳಿದರೆ ಆ ಜನ ಹಿಂದೆ ಸರಿಯುತ್ತಾರೆಂಬ ಹೆದರಿಕೆ ಅವರಿಗೆ. ಅದಕ್ಕೇ ಕೊರಳಿನ ತನಕ ಗುಂಡಿ, ಮೈಗೆ ಅತ್ತರು. "ಮಗಳ ಅಕ್ಷತಿ ಬೀಳೂ ತನಕ ಗಟ್ಟಿಯಾಗಿ ಕಾಣಬೇಕ್ರಿ ಸಾರ್" ಎನ್ನುತ್ತಿದ್ದರು.

ಗುಳಿಗೆ ಶುರುವಾದ ಕೆಲವು ವಾರಗಳಲ್ಲೇ ಅಕ್ಕನ ಬಾಯಿರುಚಿ ಹೋಯಿತು. ಬೇಳೆಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯದು. ನಾನು ಹೋದಕೂಡಲೇ ಸೌಟು ಬಾಯಿಗೆ ಹಿಡಿದು, "ನೋಡಿ ಹೇಳಲೇ, ಸುಳ್ಳು ಹೇಳಬ್ಯಾಡ" ಎನ್ನುವಳು. ಭೇದಿ, ಸುಸ್ತು. ಆದರೆ ಕೆಮ್ಮು ಕಡಿಮೆಯಾಯಿತು. ಆಮೇಲೆ ಬುಡದಿಂದ ಕೂದಲು ಬೆಳ್ಳಗಾಗತೊಡಗಿತು. ಮುದಿತನದ ನರೆಯಲ್ಲ, ಹತ್ತಿಯ ಬಿಳುಪು. ಹುಬ್ಬು ಕೂಡ ಬೆಳ್ಳಗೆ. ಸಾಲಿನಲ್ಲಿ ಕೂತವರು ಕಕ್ಕಾಬಿಕ್ಕಿಯಾಗಿ ನೋಡುವರು.

ನನಗೆ ಮಾತ್ರ ಖುಷಿಯೋ ಖುಷಿ. ಈ ಔಷಧಿ ಮೈಗೆ ಹತ್ತಿದರೆ ಕೂದಲ ಬಣ್ಣ ಹೋಗಬಹುದೆಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. "ಅಕ್ಕಾರ, ನಿಮಗ ಖರೇ ಗುಳಗೀನಽ ಬಂದಾವ!" ಎಂದು ಪಡಸಾಲೆಯಲ್ಲಿ ನಿಂತು ಕೂಗಿದೆ. ಅಕ್ಕ ಕನ್ನಡಿ ತಂದು ಹುಬ್ಬು ನೋಡಿಕೊಂಡಳು. ನಗಲಿಲ್ಲ.

"ಮತ್ತ ಅಣ್ಣಾರ ಮೀಸಿ ಕರ್ರಗಽ ಐತೆಲ್ಲೋ?"

"ಅವ್ರಿಗೆ ಖಾಲಿ ಬಂದಿರಬೇಕ್ರಿ. ಏನ್ ಮಾಡಾಕಾಕ್ಕತಿ?"

ಆಕೆ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಬೇಡದಷ್ಟು ಜೋರಾಗಿ ತಿಕ್ಕುತ್ತಿದ್ದಳು.

ಅದಾದ ಮೇಲಿನ ಮೊದಲ ತಪಾಸಣೆಯಲ್ಲಿ ಎದೆಯ ಚಿತ್ರ ತೆಗೆದರು. ಅಕ್ಕನ ಗಂಟುಗಳು ಬೆಳೆದಿರಲಿಲ್ಲ. ಗಂಗಾವತಿಯವರದೂ ಬೆಳೆದಿರಲಿಲ್ಲ. ಎರಡನೆಯ ತಪಾಸಣೆಯಲ್ಲೂ ಅಷ್ಟೇ. ಡಾಕ್ಟರಮ್ಮ ಇಬ್ಬರ ಚಿತ್ರಗಳನ್ನೂ ಬೆಳಕಿಗೆ ಹಿಡಿದು, "ಇಬ್ಬರದೂ ನಿಂತಿದೆ. ಹೀಗೇ ಮುಂದುವರಿಸೋಣ" ಎಂದು ನಕ್ಕರು. ನಾನು ಕೈಮುಗಿದೆ. ಗಂಗಾವತಿಯವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಅಲ್ಲಿಗೆ ಎದ್ದು ಬಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಏಳಲಿಲ್ಲ.

"ನಿಂತೈತಿ ಅಂದ್ರ ಸುಮ್ನ ನಿಂತಿಲ್ರಿ ಡಾಕ್ಟರ್ರ. ನಾ ನಿಂದರ್ಸೀನಿ."

"ಏನಮ್ಮಾ?"

"ನೀವು ನನಗ ಖರೇದು ಕೊಟ್ರಿ, ಈ ಅಣ್ಣಾರಿಗೆ ಖಾಲಿ ಕೊಟ್ರಿ. ಒಂದಽ ಬೆಂಚಿನ ಮ್ಯಾಲ ಕುಂದರಿಸಿ ಇಂಥಾ ಪಂಕ್ತಿಭೇದ ಮಾಡಬಾರದಿತ್ತು. ಓದಿದಾವ್ರು ನೀವು. ಅದಕ್ಕ ನಾನಽ ಸಮ ಮಾಡೀನಿ. ಇಬ್ರ ಗುಳಗೀನೂ ಒಂದಽ ತಾಟಿನಾಗ ಸುರುವಿ, ಕಲಿಸಿ, ಅರ್ಧ ಅವ್ರಿಗೆ, ಅರ್ಧ ನನಗ ಹಂಚೀನಿ. ಈಗ ನೋಡ್ರಿ, ಇಬ್ರೂ ಬದುಕೇವಿ."

ಡಾಕ್ಟರಮ್ಮನ ಕೈಯಲ್ಲಿದ್ದ ಚಿತ್ರ ಮೇಜಿನ ಮೇಲೆ ಜಾರಿತು. ಅವರು ನನ್ನನ್ನು ನೋಡಿದರು. ನನಗೆ ಇದೇ ಮೊದಲು ಕೇಳಿದ್ದು. ಹೇಳಿದರೆ ನಾನು ಕೂಗಾಡುತ್ತೇನೆಂದು, ಆಸ್ಪತ್ರೆಯಿಂದ ಬಂದ ಸಂಜೆ ನಾನು ಮನೆಗೆ ಹೋದ ಮೇಲೆ ಖಾನಾವಳಿಯಲ್ಲಿ ಕೂತು ಹಂಚಿದ್ದರಂತೆ.

"ಅಮ್ಮಾ, ಏನು ಮಾಡಿಬಿಟ್ರಿ!" ಎಂದರು ಡಾಕ್ಟರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು.

ನಾನು ಬೇಡಿಕೊಂಡೆ. ಕೇಳಿಸಲಿಲ್ಲ ಅಂದುಕೊಳ್ಳಿ ಮೇಡಂ ಅಂದೆ. ಓದುಬರಹ ಅಷ್ಟಕ್ಕಷ್ಟೇ ಇರುವ ಹೆಂಗಸು ಅಂದೆ. ಅಕ್ಕ ಪಕ್ಕದಿಂದ, "ಯಾಕೋ, ಏನ್ ತಪ್ಪು ಮಾಡೇನಂತ ಕೈಮುಗೀತಿ?" ಎಂದು ನನಗೇ ಗದರಿದಳು. ಡಾಕ್ಟರಮ್ಮ ಜಾರಿದ ಚಿತ್ರವನ್ನು ಎತ್ತಿ ಲಕೋಟೆಗೆ ಹಾಕಿದರು. ಆಮೇಲೆ ಹೇಳಿದರು: "ನಾನು ಇದನ್ನ ಮುಚ್ಚಿಟ್ಟರೆ, ನಾಳೆ ಈ ಗುಳಿಗೆ ಒಳ್ಳೇದು ಅಂತ ಹೇಳೋ ಮಾತೂ ಸುಳ್ಳಾಗತ್ತೆ, ಕೆಟ್ಟದು ಅಂತ ಹೇಳೋ ಮಾತೂ ಸುಳ್ಳಾಗತ್ತೆ. ನಿಮ್ಮ ಹಿಂದೆ ಇದೇ ಕಾಯಿಲೆಯವರು ಎಷ್ಟು ಜನ ಬರ್ತಾರೆ ಗೊತ್ತಾ ಸಾರ್? ಅವರಿಗೆ ನಾನು ಏನು ಕೊಡಲಿ?"

ಉತ್ತರವಿಲ್ಲದ ಮಾತು ಆಡುವವರ ಮೇಲೆ ಬರುವಷ್ಟು ಸಿಟ್ಟು ಯಾರ ಮೇಲೂ ಬರುವುದಿಲ್ಲ.

ಅವರು ಮೇಲಿನವರಿಗೆ ತಿಳಿಸಿದರು. ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಡಬೇಕೆಂದು ಅಲ್ಲಿಂದ ಉತ್ತರ ಬಂತು. ಉಳಿದ ಗುಳಿಗೆಗಳನ್ನು ಹಿಂದಿರುಗಿಸಲು ಮತ್ತೆ ಮೂವರೂ ರೈಲು ಹತ್ತಿದೆವು. ಕೈಬಿಟ್ಟ ಮೇಲೆ ಗುಟ್ಟು ಮುಚ್ಚಿಡುವ ಕಾರಣವಿರಲಿಲ್ಲ, ಮುಂದಿನ ಚಿಕಿತ್ಸೆಗೆ ತಿಳಿಯುವುದೂ ಬೇಕಿತ್ತು. ಯಾರಿಗೆ ಯಾವುದು ಬಂದಿತ್ತೆಂದು ತೆರೆದು ನೋಡಿದರು. ಡಾಕ್ಟರಮ್ಮ ಹೊರಗೆ ಬಂದು ನಮ್ಮ ಬೆಂಚಿನ ಮುಂದೆ ನಿಂತರು. ಹೇಳಲೋ ಬೇಡವೋ ಎಂದು ಒದ್ದಾಡುತ್ತಿದ್ದರು.

"ಅಮ್ಮಾ, ಇಬ್ಬರಿಗೂ ನಿಜವಾದ ಔಷಧೀನೇ ಬಂದಿತ್ತು."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಇಬ್ಬರ ಗುಳಿಗೆಯೂ ಒಂದೇ. ಅಕ್ಕ ತಾಟಿಗೆ ಸುರುವಿ, ಕಲಿಸಿ, ಹಂಚಿದ್ದು ಒಂದೇ ಔಷಧಿಯನ್ನು. ಅವರ ಪಾಲಿಗೆ ಹೆಚ್ಚಿಲ್ಲ, ಇವಳ ಪಾಲಿಗೆ ಕಡಿಮೆಯಿಲ್ಲ. ಏನೂ ಆಗದ ಕೆಲಸಕ್ಕೆ ಇಬ್ಬರೂ ಔಷಧಿ ಕಳೆದುಕೊಂಡಿದ್ದರು.

"ಮತ್ತ ಇವ್ರ ಕೂದ್ಲ?" ಎಂದು ನಾನು ಕಿರುಚಿದೆ. ಡಾಕ್ಟರಮ್ಮ, "ಎಲ್ಲರಿಗೂ ಬೆಳ್ಳಗಾಗಬೇಕು ಅಂತಿಲ್ಲ..." ಎನ್ನುವಷ್ಟರಲ್ಲಿ ಗಂಗಾವತಿಯವರು ತಲೆ ಮೇಲೆ ಟವೆಲ್ ಹಾಕಿಕೊಂಡರು.

"ಬಣ್ಣ ರೀ ಸಾರ್" ಎಂದರು ಒಳಗಿಂದ.

"ಏನಂದ್ರಿ?"

"ಮೀಸಿ ಸೈತ ಬಣ್ಣಾನಽ. ಹಚ್ಚಾಕ ಹತ್ತಿ ಭಾಳ ವರ್ಷಾತು. ಈಗೀಗ ಬೀಗರು ಬರಾಕ ಹತ್ತಿದ ಮ್ಯಾಲ ವಾರಕ್ಕೊಮ್ಮಿ ಹಚ್ತೀನಿ. ಅಕ್ಕಾರು ನನ್ನ ಕೂದ್ಲ ಕರ್ರಗೈತಿ ಅಂತ ಕಣ್ಣಾಗ ನೀರು ತಂದಾಗ, ಹೆಣ್ಮಗಳ ಮುಂದ ಹೆಂಗ ಹೇಳ್ಲಿ ದೇವುಡಾ? ಬ್ಯಾಡ ಅಂದೆ. ಕೇಳಲಿಲ್ಲ. ಅಲ್ದ ಬುಡಕ ಬೆಳ್ಳಗಾಗಿದ್ದು ಗುಳಗೀದೋ ವಯಸ್ಸಿಂದೋ, ನನಗಾದ್ರೂ ಏನು ಗೊತ್ತು?"

ಆ ಮನುಷ್ಯನ ಕುತ್ತಿಗೆ ಹಿಡಿಯಬೇಕೆನಿಸಿತು. ಜೀವದ ಪ್ರಶ್ನೆ ಬಂದಾಗಲೂ ಮೀಸೆಯ ನಾಚಿಕೆ! ಆ ವರಾಂಡದಲ್ಲಿ ನಿಂತು ಏನೇನು ಕೂಗಾಡಿದೆನೋ ನೆನಪಿಲ್ಲ. ಇಬ್ಬರಿಗೂ ಸೇರಿಸಿ ಬೈದೆ. ವಾಚ್‌ಮನ್ ಬಂದು ತೋಳು ಹಿಡಿದ.

ಅಕ್ಕ ಮಾತ್ರ ಬೇರೇನನ್ನೋ ಯೋಚಿಸುತ್ತಿದ್ದಳು. ಮುಖದಲ್ಲಿ ಒಂದು ಬಗೆಯ ಸಮಾಧಾನವಿತ್ತು. ಅದನ್ನು ಕಂಡು ನನ್ನ ರಕ್ತ ಇನ್ನಷ್ಟು ಕುದಿಯಿತು.

"ಇಬ್ರಿಗೂ ಒಂದಽ ಬಡಿಸಿದ್ರೇನು ನೀವು?" ಎಂದು ಡಾಕ್ಟರಮ್ಮನ ಕೈ ಹಿಡಿದುಕೊಂಡಳು. "ಹುಚ್ಚಿ ನಾನು, ಸುಮ್ಸುಮ್ಕ ನಿಮಗ ಬೈದೆ. ಮನಸಿಗೆ ಹಚ್ಕೋಬ್ಯಾಡ್ರಿ."

ಡಾಕ್ಟರಮ್ಮ ಕೈ ಬಿಡಿಸಿಕೊಂಡು ಬೇಗ ಬೇಗ ಒಳಗೆ ಹೋದರು. ಅಳುತ್ತಿದ್ದರೆಂದು ಗಂಗಾವತಿಯವರು ಆಮೇಲೆ ಹೇಳಿದರು. ನಾನು ನೋಡಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಅಕ್ಕ ಗದಗ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಹಂಗಾರ ಖಾಲಿ ಗುಳಗಿ ಯಾರಿಗೆ ಹೋಗಿರಬೇಕೋ ತಮ್ಮಾ?"

"ಯಾರಿಗೆ ಹೋದ್ರ ನಿಮಗೇನ್ರಿ!" ಎಂದೆ. ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಕರೆದೊಯ್ಯಲು ಕೇಳಿದಳು. ಹೊಳೆಯಲ್ಲಿ ಕಾಲು ತೊಳೆದುಕೊಂಡು ಗುಡಿಯಲ್ಲಿ ದೇವಿಯ ಮುಂದೆ ನಿಂತಳು. ಏನು ಬೇಡಿಕೊಂಡಿರಿ ಎಂದು ಕೇಳಿದೆ. "ಏನೂ ಇಲ್ಲ. ನನಗಂತ ಬೇಡಿದ್ರ ಸಾಲಿನಾಗ ನಿಂತಾವ್ರಿಗೆಲ್ಲ ಬೇಡಬೇಕಾಕ್ಕತಿ. ಹಿಂದ ಎಷ್ಟು ಮಂದಿ ಅದಾರ ನೋಡು" ಅಂದಳು. ನನಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೂದಲು ಮತ್ತೆ ಬುಡದಿಂದ ಕಪ್ಪಗಾಗತೊಡಗಿತು. ಓಣಿಯ ಹೆಂಗಸರು, "ಅಕ್ಕಾರಿಗೆ ವಯಸ್ಸು ತಿರುಗಿ ಬಂದೈತಿ" ಎಂದು ಚೇಷ್ಟೆ ಮಾಡುವರು. ಆ ಕಪ್ಪನ್ನು ನೋಡಿದಾಗಲೆಲ್ಲ ಔಷಧಿ ಮೈಯಿಂದ ಇಳಿಯುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಬಾಯಿರುಚಿಯೂ ಮರಳಿತು. ಒಂದು ದಿನ ಬೇಳೆಯ ರುಚಿ ನೋಡಿ, "ಉಪ್ಪು ಬರೋಬ್ಬರಿ ಐತಿ, ಇನ್ನ ನಿನ್ನ ಗೊಡವಿ ಬೇಕಿಲ್ಲ" ಎಂದು ಸೌಟು ಕಿತ್ತುಕೊಂಡಳು. ಅದರ ಹಿಂದೆಯೇ ಕೆಮ್ಮು ಬಂತು.

ಕೊನೆಕೊನೆಗೆ ಪಡಸಾಲೆಯ ಗೋಡೆಗೆ ಒರಗಿ ಕೂತು, ರೊಟ್ಟಿ ಬಡಿಯುವ ಹೆಂಗಸಿನ ಕೈಯಲ್ಲಿ ಬಡಿಸಿಸುತ್ತಿದ್ದಳು. ಉಸಿರು ಮೇಲೆಕೆಳಗಾಗುತ್ತಿದ್ದರೂ ಕಣ್ಣು ತಾಟುಗಳ ಮೇಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಊಟದವರೆಲ್ಲ ಎದ್ದುಹೋದ ಮೇಲೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಅಕ್ಕಾರ, ಒಂದು ಹೇಳ್ರಿ. ನಿಮ್ಮ ಗುಳಗಿ ನೀವು ನುಂಗಿ ಸುಮ್ನ ಇದ್ದಿದ್ರ ಏನಾಗ್ತಿತ್ತು? ಇನ್ನೂ ಒಂದಷ್ಟು ದಿನ ಇರ್ತಿದ್ರಲ್ರಿ. ಹೋಗ್ಲಿ, ಹಂಚಿದ್ರಿ. ಹೇಳೂದಾದ್ರೂ ಯಾಕ ಬೇಕಿತ್ತು?"

ಆಕೆ ಗೋಡೆಗೆ ಕೈಯೂರಿ ನೆಟ್ಟಗೆ ಕೂತಳು.

"ಅಣ್ಣಾರು ನನ್ನ ಎದುರಿಗೆ ಕುಂತಿದ್ರಲ್ಲೋ. ಅವ್ರ ಮಾರಿ ನೋಡ್ಕೊಂತ ಹೆಂಗ ನುಂಗ್ಲಿ?" ಅಂದಳು. ಮತ್ತೆ, "ಹೇಳ್ಲಿಲ್ಲಂದ್ರ ಆಕಿ ಹಿಂದಿನಾವ್ರಿಗೂ ಹಂಗಽ ಮಾಡ್ತಿದ್ಲು ಅಂತ ತಿಳದಿದ್ದೆ" ಅಂದಳು.

ಜಗಳ ಮುಂದುವರಿಸಲು ನನ್ನ ಹತ್ತಿರ ಬೇಕಾದಷ್ಟು ಮಾತುಗಳಿದ್ದವು. ಆಕೆಗೆ ಕೆಮ್ಮು ಬಂದದ್ದರಿಂದ ನೀರು ತರಲು ಎದ್ದೆ. ಅದಾದ ವಾರವೇ ಆಕೆ ಹೋದಳು.

ಕುಷ್ಟಗಿಯ ತಮ್ಮ ಬಂದು ಕಾರ್ಯ ಮಾಡಿದ. ಊಟಕ್ಕೆ ಅದೇ ಪಡಸಾಲೆ, ಅದೇ ಚಾಪೆ. ಲಾರಿ ಡ್ರೈವರುಗಳು, ಹಮಾಲರು, ನಮ್ಮ ಕಚೇರಿಯವರು, ಓಣಿಯವರು, ಸಾಲು ಬಾಗಿಲಾಚೆಗೂ ಹೋಗಿತ್ತು. ಬಡಿಸಲು ನಾನು ಸೊಂಟಕ್ಕೆ ಟವೆಲ್ ಕಟ್ಟಿ ನಿಂತೆ. ಸಾಲಿನ ನಡುವೆ ಯಾರೋ ಮುದುಕರು ಕೂತು ನನ್ನನ್ನೇ ನೋಡುತ್ತಿದ್ದರು. ತಲೆ ಬೆಳ್ಳಗೆ, ಮೀಸೆ ಬೆಳ್ಳಗೆ, ಕೆನ್ನೆ ಒಳಗೆ ಹೋಗಿತ್ತು. ಹತ್ತಿರ ಹೋಗುವ ತನಕ ಗುರುತು ಹತ್ತಲಿಲ್ಲ.

"ಬಣ್ಣ ಬಿಟ್ಟೆ ರೀ ಸಾರ್" ಎಂದರು ಗಂಗಾವತಿಯವರು.

"ಬೀಗರು?"

"ನೋಡಿದ್ರು. ಹೋದ್ರು." ತಾಟಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತರು. "ಇನ್ನ ಯಾರ ಮುಂದೂ ಮುಚ್ಚಿಡಾಕ ಮನಸ್ಸಾಗವಲ್ದು."

ಆ ಮನುಷ್ಯನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ರೊಟ್ಟಿ ಹಾಕಿ ಮುಂದೆ ಹೋದೆ.

ಮೊಸರಿನ ಸರದಿ ಬಂದಾಗ ರೊಟ್ಟಿ ಬಡಿಯುವ ಹೆಂಗಸು ನನ್ನನ್ನು ಒಳಗೆ ಕರೆದು ಪಾತ್ರೆ ತೋರಿಸಿದಳು. ಗಟ್ಟಿ ಮೊಸರು, ಮೇಲೆ ಕೆನೆ. ಬಾಗಿಲಾಚೆಯವರನ್ನು ಲೆಕ್ಕ ಹಿಡಿದರೆ ಅರ್ಧ ಜನಕ್ಕೆ ಸಾಲದು. "ಮುಂದಿನ ಸಾಲಿನ ಹಿರೇರಿಗೆ ಹಾಕಿಬಿಡ್ರಿ ಸಾರ್, ಉಳದಾವ್ರಿಗೆ ಸಾರು ಐತಿ. ನಿಮಗೂ ಒಂದು ಬಟ್ಲ ತಗದಿಟ್ಟೀನಿ. ನಿಮಗ ಗಟ್ಟಿ ಮಸರು ಅಂದ್ರ ಭಾಳ ಅಂತ ಅಕ್ಕಾರು ಹೇಳ್ತಿದ್ರು" ಎಂದಳು.

ಆಕೆ ತೆಗೆದಿಟ್ಟ ಬಟ್ಟಲನ್ನು ಪಾತ್ರೆಗೆ ವಾಪಸು ಸುರಿದೆ. ತಂಬಿಗೆ ಎತ್ತಿಕೊಂಡು ನೀರು ಹಾಕಿದೆ, ಮತ್ತೆ ಹಾಕಿದೆ. ಸಾಲಿನ ಈ ತುದಿಯಿಂದ ಬಾಗಿಲಾಚೆಯ ಕೊನೆಯ ತಾಟಿನವರೆಗೆ ಬಡಿಸಿ, ಆ ತಾಟಿನ ಪಕ್ಕದಲ್ಲೇ ಕೂತೆ. ಯಾರೋ ನನಗೂ ಹಾಕಿದರು. ಕುಡಿದೆ. ಸಪ್ಪಗೆ, ನೀರು ನೀರಾಗಿ, ಬಾಯಿಗಿಡಲಾಗದ ಹಾಗಿತ್ತು. ಅಕ್ಕನಿಗೆ ಬಾಯಿಗೆ ಬಂದಂತೆ ಬೈದುಕೊಳ್ಳುತ್ತ ಇನ್ನೊಂದು ಸೌಟು ಹಾಕಿಸಿಕೊಂಡೆ.